ಮಗು ರಾತ್ರಿ ಯಾಕೆ ಏಳುತ್ತಿದೆ? ಗಡಿಯಾರ ನೋಡಿ ಕಾರಣ ಹುಡುಕುವ ಕೈಪಿಡಿ

"ನಮ್ಮ ಮಗು ರಾತ್ರಿಯಿಡೀ ಮಲಗೋದೇ ಇಲ್ಲ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಎಷ್ಟು ಗಂಟೆಗೆ ಏಳುತ್ತದೆ? ಹೆಚ್ಚಿನವರಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ನಿದ್ದೆಗೆಟ್ಟವರಿಗೆ ಇಡೀ ರಾತ್ರಿ ಒಂದೇ ಗೋಜಲು. ಆದರೆ ಮಲಗಿದ ಒಂದು ಗಂಟೆಯಲ್ಲಿ ಚೀರಿ ಏಳುವ ಮಗುವಿನ ತೊಂದರೆ ಬೇರೆ. ಗಂಟೆಗೊಂದು ಸಲ ಏಳುವ ಮಗುವಿನದು ಬೇರೆ. ಬೆಳಗಿನ ಜಾವ ನಾಲ್ಕೂವರೆಗೆ ಕಣ್ಣು ಬಿಟ್ಟು ನಗುವ ಮಗುವಿನದು ಇನ್ನೂ ಬೇರೆ. ಕಾರಣ ಬೇರೆಯಾದ ಮೇಲೆ ಪರಿಹಾರವೂ ಬೇರೆಯೇ.

ನಾವು ಮಾಡುವುದೇನು? ಒಂದೇ ವಾರದಲ್ಲಿ ಗ್ರೈಪ್ ವಾಟರ್ ಕುಡಿಸುತ್ತೇವೆ, ದೃಷ್ಟಿ ತೆಗೆಯುತ್ತೇವೆ, ರಾತ್ರಿಗೆ ರಾಗಿ ಸರಿ ಗಟ್ಟಿ ಮಾಡುತ್ತೇವೆ, ಮಲಗಿಸುವ ಕೋಣೆಯನ್ನೂ ಬದಲಿಸುತ್ತೇವೆ. ಯಾವುದು ಕೆಲಸ ಮಾಡಿತು, ಯಾವುದು ಇನ್ನಷ್ಟು ಕೆಡಿಸಿತು ಅಂತ ಗೊತ್ತಾಗುವುದೇ ಇಲ್ಲ. ಅದಕ್ಕೇ ಈ ಕೈಪಿಡಿಯನ್ನು ಗಡಿಯಾರದ ಪ್ರಕಾರ ಬರೆದಿದ್ದೇನೆ. ಹುಟ್ಟಿದ ಕೂಸಿನಿಂದ ಮೂರು ವರ್ಷದ ಮಗುವಿನ ತನಕ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ಇದು ನಿದ್ದೆಯ ತೊಂದರೆಯೇ ಅಂತ ನೋಡಿ

ಕೆಲವು ಲಕ್ಷಣ ಕಂಡರೆ ಮುಂದೆ ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ. ಹಾಲು ಕುಡಿಸಲು ಎಬ್ಬಿಸಿದರೂ ಏಳದಷ್ಟು ಮಂಪರು. ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆಯುವುದು, ತುಟಿ ನೀಲಿಯಾಗುವುದು. ಹಸಿರು ಬಣ್ಣದ ವಾಂತಿ. ನೆತ್ತಿ ಉಬ್ಬಿ ಬಿಗಿಯಾಗಿರುವುದು. ಕಾಲು ಹೊಟ್ಟೆಗೆ ಎಳೆದುಕೊಂಡು ಬಿಟ್ಟು ಬಿಟ್ಟು ಚೀರುವುದು, ಅದರ ಜೊತೆ ಮಲದಲ್ಲಿ ರಕ್ತ. ಉಸಿರಾಟದ ಮೇಲೆ ಅನುಮಾನ ಬಂದರೆ ಮಗು ಅಳದೆ ಇರುವಾಗ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದು ವರ್ಷ ದಾಟಿದ ಮೇಲೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಬೇಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಇನ್ನೊಂದನ್ನು ಬಹಳ ಮಂದಿ ನೋಡುವುದಿಲ್ಲ. ಚೆನ್ನಾಗಿದ್ದ ಕೂಸು ಇದ್ದಕ್ಕಿದ್ದಂತೆ ಯಾವುದಕ್ಕೂ ಸಮಾಧಾನವಾಗದೆ ಅತ್ತರೆ ಬಟ್ಟೆ ಪೂರ್ತಿ ಬಿಚ್ಚಿ, ದೀಪ ಹಾಕಿ ನೋಡಿ. ಬಾಣಂತಿಗೆ ಕೂದಲು ಉದುರುವ ಕಾಲ ಅದು. ಒಂದೇ ಒಂದು ಕೂದಲು ಕಾಲ್ಚೀಲದೊಳಗೆ ಸೇರಿ ಕಾಲ್ಬೆರಳಿಗೆ ಸುತ್ತಿಕೊಂಡು ಬೆರಳು ಊದಿರಬಹುದು. ಗಂಡು ಮಗುವಾದರೆ ಜನನಾಂಗದ ಬುಡವನ್ನೂ ನೋಡಿ. ಕೂದಲು ಚರ್ಮದೊಳಗೆ ಹೂತುಕೊಂಡಿದ್ದರೆ ಎಳೆಯಲು ಹೋಗದೆ ತಕ್ಷಣ ವೈದ್ಯರ ಹತ್ತಿರ ಹೋಗಿ. ತೊಡೆಸಂದಿಯಲ್ಲಿ ಗಟ್ಟಿ ಉಬ್ಬು ಕಂಡರೂ ಹಾಗೆಯೇ.

ಎಷ್ಟು ನಿದ್ದೆ ಸಾಕು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕ ಹೀಗಿದೆ. ಮೂರು ತಿಂಗಳ ತನಕ ದಿನಕ್ಕೆ 14ರಿಂದ 17 ಗಂಟೆ. 4ರಿಂದ 11 ತಿಂಗಳಿಗೆ 12ರಿಂದ 16. ಒಂದು, ಎರಡು ವರ್ಷದವರಿಗೆ 11ರಿಂದ 14. ಮೂರು, ನಾಲ್ಕು ವರ್ಷಕ್ಕೆ 10ರಿಂದ 13. ಇದು ಹಗಲು ನಿದ್ದೆಯೂ ಸೇರಿದ ಒಟ್ಟು ಲೆಕ್ಕ. ಒಂದೂವರೆ ವರ್ಷದ ಮಗು ಮಧ್ಯಾಹ್ನ ಮೂರು ಗಂಟೆ ಮಲಗಿದರೆ ರಾತ್ರಿ ಒಂಬತ್ತು ಗಂಟೆ ಮಲಗುವುದು ಸರಿಯಾಗಿಯೇ ಇದೆ. ಅಲ್ಲಿ ಯಾವ ದೋಷವೂ ಇಲ್ಲ.

ಹಾಗೆಯೇ ರಾತ್ರಿ ಎಚ್ಚರವಾಗುವುದೂ ದೋಷವಲ್ಲ. ಕೂಸಿನ ನಿದ್ದೆಯ ಒಂದು ಸುತ್ತು ಸುಮಾರು 50ರಿಂದ 60 ನಿಮಿಷ. ಪ್ರತಿ ಸುತ್ತಿನ ಕೊನೆಗೆ ಎಲ್ಲ ಮಕ್ಕಳೂ ಅರೆ ಎಚ್ಚರವಾಗುತ್ತಾರೆ. ಕೆಲವರು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಾರೆ, ಕೆಲವರು ನಮ್ಮನ್ನು ಕರೆಯುತ್ತಾರೆ. ಆರು ತಿಂಗಳೊಳಗಿನ ಕೂಸು ರಾತ್ರಿ ಎದ್ದು ಹಾಲು ಕೇಳುವುದಂತೂ ಸಹಜ. ಹುಟ್ಟಿದ ಹೊಸದರಲ್ಲಿ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಬೇಕು. ಅದರಲ್ಲಿ ಮೂರೋ ನಾಲ್ಕೋ ರಾತ್ರಿಯೇ ಬರುತ್ತವೆ. ಇದನ್ನು ಸರಿಪಡಿಸಲು ಹೋಗಬೇಡಿ, ಕುಡಿಸಿ.

ಎಳೆ ಕೂಸುಗಳ ನಿದ್ದೆಯ ಅರ್ಧದಷ್ಟು ಚಡಪಡಿಕೆಯ ನಿದ್ದೆ. ಮುಲುಕುತ್ತವೆ, ಮುಖ ಕಿವುಚುತ್ತವೆ, ಕಣ್ಣು ಮುಚ್ಚಿಕೊಂಡೇ ಒಂದು ಸಲ ಕಿರ್ ಅನ್ನುತ್ತವೆ. ತಕ್ಷಣ ಎತ್ತಿಕೊಂಡರೆ ಮಲಗಿದ್ದ ಮಗುವನ್ನು ನಾವೇ ಎಬ್ಬಿಸಿದ ಹಾಗೆ. ಒಂದು ನಿಮಿಷ ಕಾಯಿರಿ. ನಿಜವಾಗಿ ಹಸಿದಿದ್ದರೆ ಕೈಯನ್ನು ಬಾಯಿಗೆ ತರುತ್ತದೆ, ಬಾಯಿ ಚಪ್ಪರಿಸುತ್ತದೆ, ತಲೆ ಆಚೀಚೆ ತಿರುಗಿಸುತ್ತದೆ. ಆಗ ಎತ್ತಿಕೊಳ್ಳಿ.

ನಾಲ್ಕೈದು ದಿನ ಬರೆದಿಡಿ

ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು. ಮಲಗಿದ ಹೊತ್ತು, ಎದ್ದ ಹೊತ್ತು, ಹೇಗೆ ಮಲಗಿಸಿದಿರಿ (ಹಾಲು ಕುಡಿಯುತ್ತಾ, ತೂಗಿ, ಹೆಗಲ ಮೇಲೆ), ಎದ್ದಾಗ ಏನು ಮಾಡಿದಿರಿ, ಹಗಲು ನಿದ್ದೆ ಎಷ್ಟು. ಇಷ್ಟೇ. ಮಗು ಡೇಕೇರ್‌ಗೋ ಅಂಗನವಾಡಿಗೋ ಹೋಗುತ್ತಿದ್ದರೆ ಅಲ್ಲಿನ ಆಯಾ ಅವರನ್ನು ಕೇಳಿ ಅದನ್ನೂ ಬರೆಯಿರಿ. ಈ ದಿನಗಳಲ್ಲಿ ಏನನ್ನೂ ಬದಲಿಸಬೇಡಿ. ಆಮೇಲೆ ಬದಲಿಸುವಾಗಲೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದಕ್ಕೆ ಒಂದು ವಾರ ಕೊಡಿ.

ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ

ಇದು ಮೊದಲ ಎರಡು ಮೂರು ತಿಂಗಳ ತೊಂದರೆ. ಹಗಲು ಯಾವುದು, ರಾತ್ರಿ ಯಾವುದು ಅನ್ನುವ ಒಳಗಿನ ಗಡಿಯಾರ ಕೂಸಿಗೆ ಇನ್ನೂ ಕೂಡಿಕೊಂಡಿರುವುದಿಲ್ಲ. ಸುಮಾರು ಮೂರನೇ ತಿಂಗಳಿಗೆ ಅದು ತಾನಾಗಿ ಕೂಡುತ್ತದೆ.

ನಮ್ಮ ಬಾಣಂತನದ ಕ್ರಮ ಇದನ್ನು ಸ್ವಲ್ಪ ಎಳೆಯುತ್ತದೆ. ಬಾಣಂತಿ ಕೋಣೆಗೆ ಗಾಳಿ ಬೇಡ ಅಂತ ಕಿಟಕಿ ಮುಚ್ಚಿರುತ್ತಾರೆ, ಹಗಲಲ್ಲೂ ಅರೆಗತ್ತಲು. ಹತ್ತು ಗಂಟೆಗೆ ನೀರು ಹಾಕುವ ಅಜ್ಜಿ ಬಂದು ಎಣ್ಣೆ ಹಚ್ಚಿ, ಕಾಲಮೇಲೆ ಮಲಗಿಸಿಕೊಂಡು ಬಿಸಿನೀರು ಹಾಕಿ, ಕುಲಾವಿ ಕಟ್ಟಿ ಕೊಡುತ್ತಾರೆ. ಕೂಸು ಸುಸ್ತಾಗಿ ನಾಲ್ಕು ಗಂಟೆ ಮಲಗುತ್ತದೆ. "ಪಾಪ, ಎಷ್ಟು ಚೆನ್ನಾಗಿ ಮಲಗಿದೆ, ಎಬ್ಬಿಸಬೇಡಿ" ಅನ್ನುತ್ತಾರೆ. ದಿನದ ಉದ್ದದ ನಿದ್ದೆ ಅಲ್ಲಿಗೆ ಮುಗಿಯಿತು. ರಾತ್ರಿ ಹನ್ನೊಂದಕ್ಕೆ ಮನೆಯವರೆಲ್ಲ ಮಲಗಿದಾಗ ಅದಕ್ಕೆ ಪೂರ್ತಿ ಎಚ್ಚರ.

ಎಣ್ಣೆ ನೀರನ್ನು ನಿಲ್ಲಿಸಬೇಕಾಗಿಲ್ಲ. ಎರಡು ಬದಲಾವಣೆ ಸಾಕು. ಬೆಳಿಗ್ಗೆ ಎದ್ದ ಕೂಡಲೇ ಕೋಣೆಯ ಕಿಟಕಿ ತೆರೆಯಿರಿ, ಹಗಲಿಡೀ ಬೆಳಕು ಬರಲಿ, ಮನೆಯ ಮಾತುಕತೆ ಕೇಳಲಿ. ನೀರು ಹಾಕಿದ ಮೇಲಿನ ನಿದ್ದೆ ಮೂರು ಗಂಟೆ ಮುಟ್ಟುತ್ತಿದ್ದಂತೆ ಎಬ್ಬಿಸಿ ಹಾಲು ಕೊಡಿ. ರಾತ್ರಿ ಹಾಲು ಕೊಡುವಾಗ ಸಣ್ಣ ದೀಪ, ಮಾತಿಲ್ಲ, ಆಟವಿಲ್ಲ. ನೀರು ಹಾಕಿದ ಮೇಲಿನ ಸಾಂಬ್ರಾಣಿ ಹೊಗೆಯನ್ನು ಮಾತ್ರ ಬಿಟ್ಟುಬಿಡಿ ಅಂತ ಖಂಡಿತವಾಗಿ ಹೇಳುತ್ತೇನೆ. ಎಳೆ ಮೂಗು ಹೊಗೆಗೆ ಕಟ್ಟಿಕೊಳ್ಳುತ್ತದೆ. ಮೂಗು ಕಟ್ಟಿದ ಕೂಸು ಹಾಲನ್ನೂ ಕುಡಿಯಲಾರದು, ಮಲಗಲೂ ಆರದು. ಸೊಳ್ಳೆ ಬತ್ತಿಯ ಹೊಗೆಯೂ ಹಾಗೆಯೇ. ಸೊಳ್ಳೆಪರದೆ ಕಟ್ಟಿ.

ಸಂಜೆ ಆರರಿಂದ ಹತ್ತರ ತನಕ ಅಳು

ಎರಡು ಮೂರು ವಾರದ ಕೂಸು ದಿನಾ ಸಂಜೆ ಹೊತ್ತಿಗೆ ಸರಿಯಾಗಿ ಅಳಲು ಶುರು ಮಾಡುತ್ತದೆ. ಮುಷ್ಟಿ ಬಿಗಿ, ಮುಖ ಕೆಂಪು, ಹೊಟ್ಟೆ ಗಟ್ಟಿ. ಹಗಲು ಚೆನ್ನಾಗಿ ಹಾಲು ಕುಡಿದು ತೂಕ ಏರುತ್ತಿದ್ದರೆ ಇದು ಕಾಲಿಕ್. ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ, ವಾರದಲ್ಲಿ ಮೂರು ದಿನಕ್ಕಿಂತ ಜಾಸ್ತಿ, ಮೂರು ವಾರಕ್ಕೂ ಮೀರಿ ಅಳುವುದು ಅನ್ನುವ ಅಳತೆ 1954ರಿಂದ ಬಳಕೆಯಲ್ಲಿದೆ. ಆರನೇ ವಾರದ ಸುಮಾರಿಗೆ ಅಳು ತುತ್ತತುದಿಗೆ ಹೋಗಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಇದನ್ನು ಪೂರ್ತಿ ನಿಲ್ಲಿಸುವ ಔಷಧಿ ಇಲ್ಲ. ಹೆಗಲಿಗೆ ಹಾಕಿ ತೇಗು ತರಿಸಿ, ಎತ್ತಿಕೊಂಡು ಓಡಾಡಿ, ಕತ್ತಲ ಕೋಣೆಯಲ್ಲಿ ಒಂದೇ ಸಮನೆ ಶ್‌ಶ್ ಅನ್ನಿ. ಸರದಿಯಲ್ಲಿ ಎತ್ತಿಕೊಳ್ಳಿ.

ಎಷ್ಟೇ ತಾಳ್ಮೆ ಕೆಟ್ಟರೂ ಮಗುವನ್ನು ಅಲುಗಾಡಿಸಬಾರದು. ಜೋರಾಗಿ ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಕೈ ಸೋತಾಗ ಕೂಸನ್ನು ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಐದು ನಿಮಿಷ ಆಚೆ ಹೋಗಿ ನೀರು ಕುಡಿದು ಬನ್ನಿ. ಅಷ್ಟು ಹೊತ್ತು ಅತ್ತರೆ ಅದಕ್ಕೆ ಏನೂ ಆಗುವುದಿಲ್ಲ.

ಮಲಗುವ ಹೊತ್ತಿಗೆ ಜಗಳ

ಇದು ಒಂದು ವರ್ಷ ದಾಟಿದವರದು. ದೀಪ ಆರಿಸಿದರೆ ಎದ್ದು ನಿಲ್ಲುತ್ತಾರೆ, ನೀರು ಬೇಕು, ಸುಸು ಬಂತು, ಅಪ್ಪ ಬೇಕು. ಬರೆದಿಟ್ಟ ಹಾಳೆ ತೆಗೆದು ಮಧ್ಯಾಹ್ನದ ನಿದ್ದೆ ನೋಡಿ. ಡೇಕೇರ್‌ನಲ್ಲಿ ನಾಲ್ಕೂವರೆ ತನಕ ಮಲಗಿದ ಎರಡು ವರ್ಷದ ಮಗುವಿಗೆ ಎಂಟೂವರೆಗೆ ನಿದ್ದೆ ಬರುವುದು ಕಷ್ಟ. ಮಧ್ಯಾಹ್ನ ಮೂರು ಗಂಟೆ ಆಗುವುದರೊಳಗೆ ಎಬ್ಬಿಸಲು ಅಲ್ಲಿನವರಿಗೆ ಹೇಳಿ. ಹನ್ನೆರಡರಿಂದ ಹದಿನೆಂಟು ತಿಂಗಳ ನಡುವೆ ಹಗಲಿನ ಎರಡು ನಿದ್ದೆ ಒಂದಾಗುತ್ತದೆ. ಆ ಕೆಲವು ವಾರ ಮಗು ಎರಡಕ್ಕೂ ಒಗ್ಗದೆ ಸಂಜೆಗೆ ರೇಗುತ್ತದೆ. ಆಗ ರಾತ್ರಿ ಅರ್ಧ ಗಂಟೆ ಬೇಗ ಮಲಗಿಸಿ.

ಸಂಜೆಯ ಕಾಫಿ, ಚಹಾವನ್ನೂ ನೋಡಬೇಕು. ತಾತನ ಲೋಟದಲ್ಲಿ ಬಿಸ್ಕತ್ತು ಅದ್ದಿ ತಿನ್ನಿಸುವುದು ಎಷ್ಟೋ ಮನೆಗಳಲ್ಲಿ ಇದೆ. ಸ್ವಲ್ಪವಾದರೂ ಅದು ಕೆಫೀನೇ. ಚಾಕೊಲೇಟಿನಲ್ಲೂ ಅದಿದೆ. ಹಾಲುಣಿಸುವ ತಾಯಿ ಕುಡಿದ ಫಿಲ್ಟರ್ ಕಾಫಿಯೂ ಸ್ವಲ್ಪ ಮಟ್ಟಿಗೆ ಹಾಲಿಗೆ ಬರುತ್ತದೆ. ಮೊದಲ ತಿಂಗಳುಗಳಲ್ಲಿ ಕೂಸಿನ ಮೈಯಿಂದ ಕೆಫೀನ್ ಇಳಿಯಲು ದಿನಗಟ್ಟಲೆ ಬೇಕು. ಕಾಫಿ ಪೂರ್ತಿ ಬಿಡಬೇಕಾಗಿಲ್ಲ, ದಿನಕ್ಕೆ ಒಂದೆರಡು ಸಣ್ಣ ಲೋಟಕ್ಕೆ ನಿಲ್ಲಿಸಿ ನೋಡಿ. ಮಲಗುವ ಮುಂಚಿನ ಒಂದು ಗಂಟೆ ಟಿವಿ, ಮೊಬೈಲ್ ಬೇಡ. ಒಂದು ವರ್ಷದೊಳಗಂತೂ ಪರದೆಯೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆಮೇಲೆ ದಿನಾ ಅದೇ ಕ್ರಮ. ಮೈ ಒರೆಸುವುದು ಅಥವಾ ಬೆಚ್ಚನೆ ನೀರಿನ ಸ್ನಾನ, ಸಡಿಲ ಬಟ್ಟೆ, ಒಂದು ಜೋಗುಳ ಅಥವಾ ಕತೆ, ದೀಪ ಆರಿಸುವುದು. ಇದು ಸುಮ್ನೆ ಶಿಸ್ತಿನ ಮಾತಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 405 ತಾಯಂದಿರು ತಮ್ಮ ಮಕ್ಕಳ ಜೊತೆ ಪಾಲ್ಗೊಂಡಿದ್ದರು. ದಿನಾ ಒಂದೇ ಕ್ರಮದಲ್ಲಿ ಮಲಗಿಸಿದ ಎರಡು ವಾರದಲ್ಲೇ ಆ ಮಕ್ಕಳು ಬೇಗ ಮಲಗಿದರು, ರಾತ್ರಿ ಏಳುವುದೂ ಕಮ್ಮಿಯಾಯಿತು.

ಗಂಟೆ ಏಳಕ್ಕೇ ಮಲಗಿಸಬೇಕು ಅಂತ ಎಲ್ಲೋ ಓದಿ ಕೊರಗಬೇಡಿ. 17 ದೇಶಗಳ 29,287 ಮಕ್ಕಳ ನಿದ್ದೆಯ ಬಗ್ಗೆ 2010ರಲ್ಲಿ ಬಂದ ಅಧ್ಯಯನದಲ್ಲಿ ಮಲಗುವ ಹೊತ್ತು ಸರಾಸರಿ ನ್ಯೂಜಿಲೆಂಡಿನಲ್ಲಿ ಸಂಜೆ 7:27, ಹಾಂಗ್‌ಕಾಂಗ್‌ನಲ್ಲಿ ರಾತ್ರಿ 10:17. ಅಪ್ಪ ಕೆಲಸದಿಂದ ಬರುವುದೇ ಎಂಟೂವರೆಗೆ ಆದರೆ ಒಂಬತ್ತೂವರೆಗೆ ಮಲಗಿಸಿ. ಆದರೆ ದಿನಾ ಒಂಬತ್ತೂವರೆಯೇ ಇರಲಿ, ಬೆಳಿಗ್ಗೆ ಅದಕ್ಕೆ ತಕ್ಕಷ್ಟು ಹೊತ್ತು ಮಲಗಲು ಬಿಡಿ.

ಮಲಗಿದ ಒಂದೆರಡು ಗಂಟೆಯಲ್ಲಿ ಚೀರಾಟ

ಒಂದೂವರೆ, ಎರಡು ವರ್ಷ ದಾಟಿದ ಮಗು ಹತ್ತೂವರೆ ಹನ್ನೊಂದರ ಸುಮಾರಿಗೆ ಕಿರುಚಿಕೊಂಡು ಎದ್ದು ಕೂರುತ್ತದೆ. ಕಣ್ಣು ತೆರೆದಿರುತ್ತದೆ, ಆದರೆ ಅಮ್ಮನ ಗುರುತು ಸಿಗುವುದಿಲ್ಲ. ಎತ್ತಿಕೊಂಡರೆ ದೂಡುತ್ತದೆ. ಹತ್ತು ನಿಮಿಷದಲ್ಲಿ ಏನೂ ಆಗದ ಹಾಗೆ ಮಲಗಿಬಿಡುತ್ತದೆ, ಬೆಳಿಗ್ಗೆ ನೆನಪೇ ಇರುವುದಿಲ್ಲ. ಮನೆಯವರು ಹೆದರಿ ತಾಯಿತ ಕಟ್ಟಿಸುವುದು ಇದಕ್ಕೇ. ಇದು ಗಾಢ ನಿದ್ದೆಯಿಂದ ಅರ್ಧಂಬರ್ಧ ಎಚ್ಚರವಾಗುವುದು. ಮಗು ಇನ್ನೂ ನಿದ್ದೆಯಲ್ಲೇ ಇರುತ್ತದೆ. ಅಲುಗಿಸಿ ಎಬ್ಬಿಸಬೇಡಿ, ಮುಖಕ್ಕೆ ನೀರು ಹಾಕಬೇಡಿ. ಬೀಳದಂತೆ ಪಕ್ಕದಲ್ಲಿ ಕೂತಿರಿ, ಸಾಕು. ನಿದ್ದೆ ಸಾಲದೆ ಹೋದ ದಿನ, ಜ್ವರ ಬಂದ ದಿನ ಇದು ಜಾಸ್ತಿ. ದಿನಾ ಅದೇ ಹೊತ್ತಿಗೆ ಬರುತ್ತಿದ್ದರೆ ಅದಕ್ಕಿಂತ ಕಾಲು ಗಂಟೆ ಮೊದಲು ಮೆಲ್ಲಗೆ ಮುಟ್ಟಿ, ಸ್ವಲ್ಪ ಎಚ್ಚರ ಮಾಡಿಸಿ ಮತ್ತೆ ಮಲಗಿಸಿ. ಕೆಲವು ವಾರ ಹೀಗೆ ಮಾಡಿದರೆ ನಿಲ್ಲುವುದುಂಟು.

ಕೆಟ್ಟ ಕನಸು ಬೇರೆ. ಅದು ಬೆಳಗಿನ ಜಾವದ ಕಡೆಗೆ ಬರುತ್ತದೆ. ಮಗು ಪೂರ್ತಿ ಎಚ್ಚರವಾಗಿ ನಿಮ್ಮನ್ನು ತಬ್ಬಿಕೊಳ್ಳುತ್ತದೆ, "ಗುಮ್ಮ ಬಂತು" ಅನ್ನುತ್ತದೆ. ಅದಕ್ಕೆ ಬೇಕಾದದ್ದು ಸಮಾಧಾನ. ಊಟ ಮಾಡಿಸಲು ಗುಮ್ಮನನ್ನು ಕರೆಯುವ ಮನೆಯಾದರೆ ಮೊದಲು ಅದನ್ನು ನಿಲ್ಲಿಸಿ.

ಎಳೆ ಕೂಸು ಬೆಚ್ಚಿ ಬೀಳುವುದು ಮತ್ತೊಂದು. ಸದ್ದಾದಾಗ, ಕೆಳಗೆ ಮಲಗಿಸುವಾಗ ಎರಡೂ ಕೈ ಚಾಚಿ ಬೆಚ್ಚುವುದು ಸಹಜ. ನಾಲ್ಕರಿಂದ ಆರು ತಿಂಗಳಿಗೆ ಅದು ಹೋಗುತ್ತದೆ. ಆದರೆ ನಾಲ್ಕರಿಂದ ಎಂಟು ತಿಂಗಳ ಕೂಸು ನಿದ್ದೆಯಿಂದ ಏಳುವಾಗ ಯಾವ ಸದ್ದೂ ಇಲ್ಲದೆ ತಲೆ ಬಾಗಿಸಿ, ಕೈಕಾಲು ಜಗ್ಗಿ, ಕೆಲವು ಸೆಕೆಂಡು ಬಿಟ್ಟು ಮತ್ತೆ, ಮತ್ತೆ, ಸಾಲಾಗಿ ಹಾಗೆ ಮಾಡಿದರೆ ಅದು ಬೆಚ್ಚುವುದಲ್ಲ, ಹೊಟ್ಟೆನೋವೂ ಅಲ್ಲ. ಕೂಸುಗಳಿಗೆ ಬರುವ ಒಂದು ಬಗೆಯ ಫಿಟ್ಸ್ ಇರಬಹುದು. ಮೊಬೈಲ್‌ನಲ್ಲಿ ವಿಡಿಯೋ ಮಾಡಿ ಅಂದೇ ಮಕ್ಕಳ ವೈದ್ಯರಿಗೆ ತೋರಿಸಿ. ಇದರಲ್ಲಿ ತಡವಾದಷ್ಟೂ ಮಗುವಿನ ಬೆಳವಣಿಗೆಗೆ ಪೆಟ್ಟು.

ಗಂಟೆಗೊಂದು ಸಲ ಏಳುವುದು

ತುಂಬಾ ಮನೆಗಳನ್ನು ಸುಸ್ತು ಮಾಡುವ ತೊಂದರೆ ಇದು. ಸಾಮಾನ್ಯವಾಗಿ ನಾಲ್ಕನೇ ತಿಂಗಳ ನಂತರ ಶುರುವಾಗುತ್ತದೆ. ಆ ಹೊತ್ತಿಗೆ ನಿದ್ದೆ ದೊಡ್ಡವರ ನಿದ್ದೆಯ ಹಾಗೆ ಹಂತ ಹಂತವಾಗಿ ಬೇರ್ಪಡುತ್ತದೆ. ಸುತ್ತು ಮುಗಿದಾಗ ಎಚ್ಚರ ಮೊದಲಿಗಿಂತ ಸ್ಪಷ್ಟವಾಗುತ್ತದೆ. ಬಾಣಂತನ ಮುಗಿಸಿ ತವರಿಂದ ಗಂಡನ ಮನೆಗೆ ಬರುವುದೂ ಎಷ್ಟೋ ಸಲ ಇದೇ ಹೊತ್ತಿಗೆ. ತೊಟ್ಟಿಲು ಅಲ್ಲಿ ಉಳಿಯಿತು, ಇಲ್ಲಿ ಮಂಚ. ಅಜ್ಜಿಯ ಕೈ ಅಲ್ಲಿ ಉಳಿಯಿತು. ಮಗು ಹಾಳಾಯಿತು ಅಂತ ಅಂದುಕೊಳ್ಳಬೇಡಿ, ಎರಡು ವಾರ ಕೊಡಿ.

ಒಂದು ಮನೆಯ ರಾತ್ರಿ ಹೇಳುತ್ತೇನೆ. ಹತ್ತು ತಿಂಗಳ ಗಂಡು ಮಗು. ಛಾವಣಿಯ ಕೊಂಡಿಯಿಂದ ಇಳಿಬಿಟ್ಟ ಹಳೇ ಸೀರೆಯ ಜೋಲಿ. ರಾತ್ರಿ ಒಂಬತ್ತಕ್ಕೆ ಅಜ್ಜಿ ತೂಗಲು ಕೂರುತ್ತಾರೆ, ಹತ್ತು ನಿಮಿಷದಲ್ಲಿ ನಿದ್ದೆ. ತೂಗು ನಿಲ್ಲುತ್ತದೆ. ಹತ್ತಕ್ಕೆ ಜೋಲಿಯಿಂದ ಸಣ್ಣ ಕೊಸರಾಟ, ಆಮೇಲೆ ಅಳು. ಅಜ್ಜಿ ಮಲಗಿದಲ್ಲಿಂದಲೇ ಕೈ ಚಾಚಿ ಹಗ್ಗ ಎಳೆಯುತ್ತಾರೆ. "ಏನೂ ಇಲ್ಲ ಕಣಮ್ಮಾ, ಎರಡು ಸಲ ತೂಗಿದ್ರೆ ಮಲಗ್ಕೋತಾನೆ" ಅನ್ನುತ್ತಾರೆ ಸೊಸೆಗೆ. ನಿಜ, ಮಲಗುತ್ತಾನೆ. ಹನ್ನೊಂದಕ್ಕೆ ಮತ್ತೆ. ಹನ್ನೆರಡಕ್ಕೆ ಮತ್ತೆ. ಹಗಲು ಚೆನ್ನಾಗಿ ತಿನ್ನುತ್ತಾನೆ, ಜ್ವರವಿಲ್ಲ, ಶೀತವಿಲ್ಲ. ಅವನಿಗೆ ಇರುವ ತೊಂದರೆ ಒಂದೇ. ಮಲಗುವಾಗ ತೂಗು ಇತ್ತು, ಎಚ್ಚರವಾದಾಗ ಇಲ್ಲ. ತೂಗದೆ ನಿದ್ದೆಗೆ ಜಾರುವುದು ಅವನಿಗೆ ಇನ್ನೂ ಬಂದಿಲ್ಲ.

ತೂಗಿನ ಬದಲು ಮೊಲೆಹಾಲು, ಬಾಟಲಿ, ಹೆಗಲು, ಅಪ್ಪನ ಬೈಕಿನ ಸುತ್ತು, ಯಾವುದನ್ನು ಬೇಕಾದರೂ ಹಾಕಿಕೊಳ್ಳಿ. ಪರೀಕ್ಷೆ ಸುಲಭ. ಎದ್ದ ಮಗು ಐದು ನಿಮಿಷದೊಳಗೆ ಅದೇ ಉಪಾಯಕ್ಕೆ ಮಲಗಿಬಿಟ್ಟರೆ ಕಾರಣ ಇದು. ಹಾಲಿನದ್ದಾದರೆ ಗುಟುಕು ನೋಡಿ. ಹಸಿದ ಮಗು ಗಟಗಟ ಕುಡಿಯುತ್ತದೆ. ಅಭ್ಯಾಸದ ಮಗು ನಾಲ್ಕು ಗುಟುಕಿಗೆ ನಿದ್ದೆ ಹೋಗುತ್ತದೆ.

ಸರಿಪಡಿಸುವುದು ರಾತ್ರಿ ಎರಡು ಗಂಟೆಗಲ್ಲ, ರಾತ್ರಿ ಒಂಬತ್ತಕ್ಕೆ. ಮೊದಲ ಸಲ ಮಲಗುವಾಗ ಬದಲಿಸಿದರೆ ನಡುರಾತ್ರಿಯದು ನಿಧಾನವಾಗಿ ತಾನೇ ಕಮ್ಮಿಯಾಗುತ್ತದೆ. ಕ್ರಮ ಹೀಗೆ. ಹಾಲು ಮೊದಲು, ದೀಪ ಇರುವಾಗಲೇ. ಆಮೇಲೆ ಬಾಯಿ ಒರೆಸಿ, ಒಂದು ಜೋಗುಳ. ಕಣ್ಣು ಎಳೆಯುತ್ತಿರುವಾಗ, ಪೂರ್ತಿ ಮುಚ್ಚುವ ಮೊದಲು ಹಾಸಿಗೆಯಲ್ಲಿ ಮಲಗಿಸಿ. ಅತ್ತರೆ ಎದೆಯ ಮೇಲೆ ಕೈ ಇಡಿ, ತಟ್ಟಿ. ಜೋರಾದರೆ ಎತ್ತಿಕೊಳ್ಳಿ, ಸಮಾಧಾನವಾದ ಮೇಲೆ ಮತ್ತೆ ಕೆಳಗೆ. ಮೊದಲ ಮೂರು ನಾಲ್ಕು ರಾತ್ರಿ ಕಷ್ಟ. ಆಮೇಲೆ ತಟ್ಟುವುದನ್ನೂ ಕಮ್ಮಿ ಮಾಡುತ್ತಾ ಬನ್ನಿ, ಕೈ ಇಟ್ಟರೆ ಸಾಕು, ಪಕ್ಕದಲ್ಲಿದ್ದರೆ ಸಾಕು ಅನ್ನುವ ಹಂತಕ್ಕೆ. ಇದು ಆರು ತಿಂಗಳು ತುಂಬಿ, ತೂಕ ಚೆನ್ನಾಗಿ ಏರುತ್ತಿರುವ ಮಗುವಿಗೆ ಮಾತ್ರ. ಬಾಗಿಲು ಹಾಕಿ ಅಳಲು ಬಿಡುವ ಪದ್ಧತಿ ಒಂದಿದೆ. ಒಂದೇ ಕೋಣೆಯಲ್ಲಿ ಮಲಗುವ ನಮ್ಮ ಮನೆಗಳಿಗೆ ಅದು ಹೊಂದುವುದಿಲ್ಲ, ಅದರ ಅಗತ್ಯವೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಶುರು ಮಾಡುವ ಮೊದಲು ಮನೆಯವರೆಲ್ಲ ಕೂತು ಮಾತಾಡಿ. ಅಮ್ಮ ತಟ್ಟುತ್ತಿರುವಾಗ ಅಜ್ಜಿ ಬಂದು "ಕೂಸನ್ನ ಯಾಕೆ ಅಳಿಸ್ತೀಯಾ" ಅಂತ ಎತ್ತಿಕೊಂಡರೆ ಮಗುವಿಗೆ ತಿಳಿಯುವುದು ಒಂದೇ: ಇನ್ನೂ ಜೋರಾಗಿ ಅಳಬೇಕು. ಅಜ್ಜಿಗೇ ಆ ಕೆಲಸ ಒಪ್ಪಿಸುವುದು ಎಷ್ಟೋ ಸಲ ಒಳ್ಳೆಯದು. ಹಾಲಿನ ವಾಸನೆ ಅವರ ಹತ್ತಿರ ಇರುವುದಿಲ್ಲ, ಮಗು ಬೇಗ ಒಪ್ಪುತ್ತದೆ.

ಜೋಲಿಯ ಬಗ್ಗೆ ಇನ್ನೊಂದು ಮಾತು. ಬಟ್ಟೆ ಕೂಸಿನ ಮುಖದ ಮೇಲೆ ಮಡಚಿಕೊಳ್ಳಬಾರದು, ಗದ್ದ ಎದೆಗೆ ಒತ್ತಬಾರದು. ಅಡ್ಡಕೋಲು ಹಾಕಿದರೂ ಯಾರಾದರೂ ಕಣ್ಣಿಟ್ಟಿರಬೇಕು. ಮಗು ಮಗುಚಿಕೊಳ್ಳಲು ಶುರು ಮಾಡಿದರೆ ಜೋಲಿ ಬಿಚ್ಚಿಡಿ. ಓಡಾಡುವ ಮಕ್ಕಳು ಅದರಲ್ಲಿ ತಿರುಗಿ ಆಡುವಾಗ ಸೀರೆ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯ ಇದೆ. ರಾತ್ರಿ ನಿದ್ದೆಗೆ ಎಲ್ಲಕ್ಕಿಂತ ಒಳ್ಳೆಯದು ಗಟ್ಟಿಯಾದ ಸಮತಟ್ಟು ಹಾಸಿಗೆ, ಅಂಗಾತ ಮಲಗಿಸುವುದು. ವರ್ಷದೊಳಗೆ ರಾಗಿ ದಿಂಬಾಗಲಿ, ಸಾಸಿವೆ ದಿಂಬಾಗಲಿ ಬೇಡ, ದಪ್ಪ ಕಂಬಳಿ ಬೇಡ, ಮಲಗುವಾಗ ಕುಲಾವಿಯೂ ಬೇಡ. ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸಿ ಅಂತ ಪ್ರಚಾರ ಮಾಡಿದ ಮೇಲೆ ನಿದ್ದೆಯಲ್ಲಿ ಕಾರಣವಿಲ್ಲದೆ ಸಾಯುವ ಕೂಸುಗಳ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು.

ರಾತ್ರಿ ಎರಡಕ್ಕೆ ಎದ್ದು ಆಟ

ಅಳು ಇಲ್ಲ, ನೋವಿಲ್ಲ, ಖುಷಿಯಾಗಿ ಒಂದೂವರೆ ಗಂಟೆ ಆಟ. ಇದರ ಕಾರಣ ಸಾಮಾನ್ಯವಾಗಿ ಲೆಕ್ಕದ್ದು. ದಿನಕ್ಕೆ ಹನ್ನೆರಡು ಗಂಟೆ ನಿದ್ದೆ ಸಾಕಾಗುವ ಮಗುವನ್ನು ಹದಿಮೂರೂವರೆ ಗಂಟೆ ಹಾಸಿಗೆಯಲ್ಲಿ ಇಟ್ಟರೆ ಆ ಒಂದೂವರೆ ಗಂಟೆ ಎಲ್ಲಾದರೂ ಹೊರಬರಲೇಬೇಕು. ಹಗಲು ನಿದ್ದೆ ಸ್ವಲ್ಪ ಕಮ್ಮಿ ಮಾಡಿ, ಇಲ್ಲವೇ ಅರ್ಧ ಗಂಟೆ ತಡವಾಗಿ ಮಲಗಿಸಿ. ಎದ್ದಾಗ ದೀಪ ಹಾಕಬೇಡಿ, ಮೊಬೈಲ್ ಕೊಡಬೇಡಿ. ಅಮೆರಿಕದಿಂದ ಊರಿಗೆ ಬಂದ ಮೊಮ್ಮಕ್ಕಳು ಹೀಗೆ ಏಳುವುದು ಬೇರೆ ಕಾರಣಕ್ಕೆ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಬೆಳಿಗ್ಗೆ ಬಿಸಿಲಿಗೆ ಕರೆದುಕೊಂಡು ಹೋಗಿ, ಹಗಲು ಎರಡು ಗಂಟೆಗಿಂತ ಜಾಸ್ತಿ ಹೊತ್ತು ಮಲಗಲು ಬಿಡಬೇಡಿ. ಒಂದು ವಾರ, ಹತ್ತು ದಿನದಲ್ಲಿ ಹೊಂದುತ್ತಾರೆ.

ಬೆಳಗಿನ ಜಾವ ನಾಲ್ಕೂವರೆ

ಆ ಹೊತ್ತಿನ ನಿದ್ದೆ ತೆಳು. ಸಣ್ಣ ಕಾರಣವೂ ಸಾಕು. ಒಂದು ದಿನ ಅಲಾರಂ ಇಟ್ಟು ಮಗುವಿಗಿಂತ ಕಾಲು ಗಂಟೆ ಮೊದಲು ನೀವೇ ಎದ್ದು ಕತ್ತಲಲ್ಲಿ ಕೂತು ಕೇಳಿ. ಹಾಲಿನ ವ್ಯಾನು, ದೇವಸ್ಥಾನದ ಸುಪ್ರಭಾತ, ಮೇಲಿನ ಮನೆಯ ನೀರಿನ ಮೋಟಾರು, ಪಕ್ಕದ ಮನೆಯ ಕುಕ್ಕರ್. ಹೊರಗಿನ ಸದ್ದು ನಿಲ್ಲಿಸಲು ಆಗುವುದಿಲ್ಲ, ಆದರೆ ಫ್ಯಾನಿನ ಒಂದೇ ಸಮನೆಯ ಸದ್ದು ಅದನ್ನು ಮುಚ್ಚುತ್ತದೆ. ಕರೆಂಟು ಹೋಗಿ ಆ ಫ್ಯಾನ್ ನಿಂತಾಗ ಮಗು ಏಳುವುದೂ ಇದಕ್ಕೇ. ಕಿಟಕಿಗೆ ದಪ್ಪ ಪರದೆ ಹಾಕಿ. ಮೈ ಮುಟ್ಟಿ ನೋಡಿ, ಡೈಪರ್ ತುಂಬಿದೆಯಾ, ಕಾಲು ತಣ್ಣಗಿದೆಯಾ? ಎದ್ದ ಕೂಡಲೇ ಬಾಟಲಿ ಕೊಡುವ ರೂಢಿ ಇದ್ದರೆ ಹೊಟ್ಟೆಯೂ ನಾಲ್ಕೂವರೆಗೇ ಹಸಿಯಲು ಕಲಿತಿರುತ್ತದೆ. ದಿನಕ್ಕೆ ಹತ್ತು ನಿಮಿಷದಂತೆ ಅದನ್ನು ಮುಂದೆ ತಳ್ಳಿ. ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗಿದರೆ ಮುಂದಿನ ಹಲ್ಲುಗಳು ಹುಳುಕಾಗುತ್ತವೆ.

ಚೆನ್ನಾಗಿ ಮಲಗುತ್ತಿದ್ದ ಮಗು ಒಮ್ಮೆಲೇ ಕೆಟ್ಟರೆ

ಈ ವಾರ ಏನು ಬದಲಾಯಿತು ಅಂತ ಕೇಳಿಕೊಳ್ಳಿ. ಲಸಿಕೆ ಹಾಕಿಸಿದ್ದರೆ ಒಂದೆರಡು ರಾತ್ರಿ ಹೀಗೆ. ಮನೆ ಬದಲಿಸಿದರೆ, ಅಮ್ಮ ಕೆಲಸಕ್ಕೆ ಹೋಗಲು ಶುರು ಮಾಡಿದರೆ ಕೆಲವು ವಾರ. ಎಂಟು ತಿಂಗಳ ಸುಮಾರಿಗೆ ಅಮ್ಮ ಕಣ್ಣಿಗೆ ಕಾಣದಿದ್ದರೆ ಹೆದರುವ ಹಂತ ಬರುತ್ತದೆ. ತೆವಳುವುದು, ನಿಲ್ಲುವುದು ಕಲಿತ ಹೊಸದರಲ್ಲಿ ನಡುರಾತ್ರಿ ಎದ್ದು ನಿಂತು ಕೂರಲು ಬಾರದೆ ಅಳುತ್ತವೆ. ಹಗಲು ಕೂರುವುದನ್ನು ಆಟವಾಗಿ ಕಲಿಸಿ.

ಎಲ್ಲವನ್ನೂ ಹಲ್ಲಿನ ತಲೆಗೆ ಕಟ್ಟಬೇಡಿ. ಹಲ್ಲು ಬರುವಾಗ ಜೊಲ್ಲು, ಕಿರಿಕಿರಿ ಇರುತ್ತದೆ, ಆದರೆ 38 ಡಿಗ್ರಿ ದಾಟುವ ಜ್ವರಕ್ಕೆ ಹಲ್ಲು ಕಾರಣವಲ್ಲ. ಶೀತವಾದ ನಾಲ್ಕೈದು ದಿನಕ್ಕೆ, ಮಲಗಿಸಿದರೆ ಅಳು, ಎತ್ತಿಕೊಂಡರೆ ಸಮಾಧಾನ, ಕಿವಿ ಎಳೆಯುವುದು, ಇವು ಸೇರಿದರೆ ಕಿವಿ ನೋಡಿಸಿ. ಮಲಗಿದಾಗ ಕಿವಿಯೊಳಗಿನ ಒತ್ತಡ, ನೋವು ಏರುತ್ತದೆ.

ವಾರಗಟ್ಟಲೆ ಒದ್ದಾಟ, ಗೊರಕೆ, ತುರಿಕೆ

ದಿನಾ ಗೊರಕೆ, ಬಾಯಿ ತೆರೆದು ಮಲಗುವುದು, ಉಸಿರು ನಿಂತು ಮತ್ತೆ ಗಕ್ಕೆಂದು ಎಳೆಯುವುದು ಕಂಡರೆ ಮೂಗಿನ ಹಿಂದಿನ ಅಡಿನಾಯ್ಡ್ ಅಥವಾ ಟಾನ್ಸಿಲ್ ಊದಿರಬಹುದು. ಇದಕ್ಕೂ ವಿಡಿಯೋ ಮಾಡಿಕೊಂಡು ಹೋಗಿ.

ಇಡೀ ರಾತ್ರಿ ಕಾಲು ಒದೆಯುತ್ತಾ ಹೊರಳಾಡುವ ಮಗುವಿಗೆ ಕಬ್ಬಿಣದ ಅಂಶ ನೋಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 6ರಿಂದ 59 ತಿಂಗಳ ಮಕ್ಕಳಲ್ಲಿ 67.1 ಶೇಕಡಾ ರಕ್ತಹೀನತೆ ಇತ್ತು. ಹಾಗಾಗಿ ಇದು ಅಪರೂಪದ ಕಾರಣವಲ್ಲ. ಊಟ ಬಿಟ್ಟು ದಿನಕ್ಕೆ ನಾಲ್ಕೈದು ಬಾಟಲಿ ಹಸುವಿನ ಹಾಲು ಕುಡಿಯುವ ಒಂದೂವರೆ ವರ್ಷದ ಮಕ್ಕಳಲ್ಲಿ ಇದನ್ನು ಮೊದಲು ಶಂಕಿಸಬೇಕು. ದಿನಕ್ಕೆ ಅರ್ಧ ಲೀಟರ್ ಒಳಗೆ ಹಾಲು ಸಾಕು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ, ಒಂದೊಂದು ಮಿಲಿಲೀಟರ್. ಅದು ಕಪಾಟಿನಲ್ಲಿ ಉಳಿದಿದೆಯಾ ನೋಡಿ.

ರಾತ್ರಿ ಹೊತ್ತು ಕುಂಡೆ ತುರಿಸಿಕೊಂಡು ಅಳುವುದು ದಾರದಂಥ ಬಿಳಿ ಹುಳದಿಂದ. ಹೆಣ್ಣು ಹುಳ ರಾತ್ರಿಯೇ ಹೊರಬಂದು ಮೊಟ್ಟೆ ಇಡುತ್ತದೆ. ಮಗು ಮಲಗಿದ ಮೇಲೆ ಟಾರ್ಚ್ ಹಾಕಿ ನೋಡಿದರೆ ಕಾಣುತ್ತದೆ. ವೈದ್ಯರು ಹೇಳಿದ ಮಾತ್ರೆಯನ್ನು ಮನೆಯವರೆಲ್ಲ ತೆಗೆದುಕೊಳ್ಳಬೇಕು, ಎರಡು ವಾರಕ್ಕೆ ಮತ್ತೊಮ್ಮೆ. ಉಗುರು ಕತ್ತರಿಸಿ, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ.

ಮಲಗಿಸಲು ಇವನ್ನು ಕೊಡಬೇಡಿ

ಶೀತದ ಸಿರಪ್ ಕುಡಿಸಿದರೆ ಚೆನ್ನಾಗಿ ಮಲಗುತ್ತದೆ ಅಂತ ಕೊಡುವವರು ಇದ್ದಾರೆ. ಆ ಮಂಪರಿನಲ್ಲಿ ಉಸಿರೇ ಕುಗ್ಗಬಹುದು. ಕ್ಲೋರ್ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ಶೀತದ ಔಷಧಿ ನಾಲ್ಕು ವರ್ಷದೊಳಗಿನವರಿಗೆ ಬೇಡ ಅಂತ 2023ರಲ್ಲಿ ನಮ್ಮ ಔಷಧ ನಿಯಂತ್ರಕರೇ ಹೇಳಿದ್ದಾರೆ. ಜಾಯಿಕಾಯಿ, ಬಜೆ ತೇಯ್ದು ನೆಕ್ಕಿಸುವುದು ಹಳೇ ರೂಢಿ. ಎಷ್ಟು ತೇಯ್ದರು ಅನ್ನುವ ಅಳತೆ ಯಾರಿಗೂ ಇರುವುದಿಲ್ಲ, ಜಾಯಿಕಾಯಿ ಜಾಸ್ತಿಯಾದರೆ ವಿಷ. ಜೇನುತುಪ್ಪ ಒಂದು ವರ್ಷದೊಳಗೆ ಬೇಡವೇ ಬೇಡ, ಅದರಿಂದ ಬಾಟುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ಬರಬಹುದು. ಹೊಟ್ಟೆ ತುಂಬಲಿ ಅಂತ ಆರು ತಿಂಗಳಿಗೆ ಮೊದಲೇ ರಾಗಿ ಸರಿ ಶುರು ಮಾಡಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುವಾಗ ಶೀಶೆ ಓದಿ. ಹನಿ ಹನಿಯಾಗಿ ಹಾಕುವ ಡ್ರಾಪ್ಸ್ ಸಾಮಾನ್ಯ ಸಿರಪ್‌ಗಿಂತ ಸುಮಾರು ನಾಲ್ಕು ಪಟ್ಟು ಗಟ್ಟಿ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಅಪಾಯ.

ನಿಮ್ಮ ನಿದ್ದೆ

ರಾತ್ರಿಯನ್ನು ಎರಡು ಪಾಳಿ ಮಾಡಿ. ಒಂಬತ್ತರಿಂದ ಎರಡರ ತನಕ ಒಬ್ಬರು, ಎರಡರಿಂದ ಏಳರ ತನಕ ಇನ್ನೊಬ್ಬರು. ಹಾಲುಣಿಸುವ ತಾಯಿಯಾದರೆ ಅಪ್ಪ ಮಗುವನ್ನು ಎತ್ತಿ ತಂದು ಕೊಡಲಿ, ತೇಗು ತರಿಸಿ ಮಲಗಿಸಲಿ. ತಾಯಿಗೆ ಒಟ್ಟಿಗೆ ನಾಲ್ಕು ಗಂಟೆ ನಿದ್ದೆ ಸಿಕ್ಕಿದರೂ ಮರುದಿನ ಬೇರೆಯಾಗಿರುತ್ತದೆ. ಸುಸ್ತಾಗಿ ಸೋಫಾದಲ್ಲಿ ಮಗುವನ್ನು ಎದೆಗೆ ಹಾಕಿಕೊಂಡು ತೂಕಡಿಸುವುದು ಎಲ್ಲಕ್ಕಿಂತ ಅಪಾಯ. ಕಣ್ಣು ಎಳೆಯುತ್ತಿದ್ದರೆ ಸೋಫಾ ಬಿಟ್ಟು ಗಟ್ಟಿ ಹಾಸಿಗೆಗೆ ಹೋಗಿ, ಸುತ್ತ ದಿಂಬು, ರಗ್ಗು ತೆಗೆದಿಡಿ.

ಮಗು ಮಲಗಿದರೂ ತಾಯಿಗೆ ನಿದ್ದೆ ಬಾರದಿದ್ದರೆ, ಎರಡು ವಾರಕ್ಕೂ ಮೀರಿ ಅಳು, ಬೇಸರ, ಮಗುವಿನ ಮೇಲೆ ಯಾವ ಭಾವವೂ ಇಲ್ಲದ ಹಾಗೆ ಅನ್ನಿಸುತ್ತಿದ್ದರೆ, ತನಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಯೋಚನೆ ಬಂದರೆ, ಅದು ಸೋಮಾರಿತನವೂ ಅಲ್ಲ, ಸೂಕ್ಷ್ಮ ಮನಸ್ಸೂ ಅಲ್ಲ. ಹೆರಿಗೆಯ ನಂತರ ಬರುವ ಖಿನ್ನತೆ ಇರಬಹುದು, ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ತಾಯಿ ಮಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಮನೆಯವರು ಮಾಡಿ.